ಸಂಜೀವಿನಿ ಪ್ರಸಂಗ ಮತ್ತು ಅದರ ಓದುಗರು: ಕೊಪ್ಪಳ ಸೀಮೆ

ಲಂಕೆಯ ರಣರಂಗದಲ್ಲಿ ಬಿದ್ದವರನ್ನು ಎಬ್ಬಿಸಲು ಹನುಮಂತನು ಹಿಮಾಲಯಕ್ಕೆ ಹಾರಿ, ಮೂಲಿಕೆಗಳಿದ್ದ ಬೆಟ್ಟವನ್ನೇ ಕಿತ್ತು ಹೊತ್ತು ತಂದ ಕಥಾಭಾಗಕ್ಕೆ ಸಂಜೀವಿನಿ ಪ್ರಸಂಗವೆಂದು ಹೆಸರು. ವೈದ್ಯನಲ್ಲದವನು ವೈದ್ಯದ ಕೆಲಸವನ್ನು ಗೆಲ್ಲಿಸಿಕೊಟ್ಟ ಕಥೆಯಿದು. ಅದ್ಭುತಕಥೆಗಳಲ್ಲಿ ಇಂಥ ವಿಲಕ್ಷಣ ಚಿಕಿತ್ಸಕರು ಹಲವರು ಬರುತ್ತಾರೆ. ಆದರೆ ಇಷ್ಟು ದೀರ್ಘಕಾಲ ಓದಿಗೆ, ನೋಟಕ್ಕೆ, ವಾದಕ್ಕೆ ವಸ್ತುವಾಗಿ ಉಳಿದವರು ವಿರಳ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಈ ಪ್ರಸಂಗಕ್ಕೆ ವಿಶೇಷ ನೆಲೆಯಿದೆ. ಕಥೆಯ ನಾಯಕ ಹುಟ್ಟಿದ್ದು ಇಲ್ಲೇ ಎಂಬ ನಂಬಿಕೆ ಒಂದು ಕಡೆ. ಅದೇ ಕಥೆಯನ್ನು ಪೂರ್ತಿ ಬೇರೆ ರೀತಿಯಲ್ಲಿ ಹೇಳಿದ ಜೈನ ಪರಂಪರೆಯ ದೊಡ್ಡ ಕ್ಷೇತ್ರವೂ ಇದೇ ಸೀಮೆಯಲ್ಲಿದೆ ಎಂಬುದು ಇನ್ನೊಂದು ಕಡೆ.

ಸೀಮೆ

ರಾಯಚೂರು ಜಿಲ್ಲೆಯನ್ನು ಒಡೆದು 1997ರಲ್ಲಿ ಕೊಪ್ಪಳ ಜಿಲ್ಲೆ ಮಾಡಿದಾಗ ಈ ನಾಲ್ಕೂ ತಾಲ್ಲೂಕುಗಳು ಅದರೊಳಗೆ ಬಂದವು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸುತ್ತಲಿನ ಬಂಡೆಗುಡ್ಡಗಳ ನಾಡನ್ನು ರಾಮಾಯಣದ ಕಿಷ್ಕಿಂಧೆ ಎಂದು ಗುರುತಿಸುವ ರೂಢಿ ಹಳೆಯದು. ಅಲ್ಲಿಯ ಅಂಜನಾದ್ರಿ ಹನುಮಂತನ ಜನ್ಮಸ್ಥಳವೆಂದು ಪ್ರಸಿದ್ಧ. 575 ಮೆಟ್ಟಿಲು ಹತ್ತಿದರೆ ನೆತ್ತಿಯ ಮೇಲೆ ಗುಡಿ. ಕೆಳಗೆ ತುಂಗಭದ್ರೆ, ಗದ್ದೆಗಳು, ಪಂಪಾ ಸರೋವರದ ದಾರಿ. ತಿರುಮಲದ ಅಂಜನಾದ್ರಿಯೇ ಹನುಮಂತನ ಜನ್ಮಸ್ಥಳವೆಂದು ತಿರುಮಲ ತಿರುಪತಿ ದೇವಸ್ಥಾನಂ 2021ರಲ್ಲಿ ಸಾರಿದಾಗ ಈ ಭಾಗದಿಂದ ಬಲವಾದ ವಿರೋಧ ಬಂತು. ಒಂದು ಕಥೆಯ ಪಾತ್ರವನ್ನು ಜನ ತಮ್ಮ ಊರಿನವನೆಂದು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ ಎಂಬುದು ಆಗ ಹೊರಗಿನವರಿಗೂ ಗೊತ್ತಾಯಿತು.

ಕುಷ್ಟಗಿ ತಾಲ್ಲೂಕಿನಲ್ಲಿ ಹನುಮಸಾಗರವಿದೆ, ಹನುಮನಾಳವಿದೆ. ಊರ ಅಗಸಿಯ ಹತ್ತಿರ ಹನಮಪ್ಪನ ಗುಡಿಯಿಲ್ಲದ ಹಳ್ಳಿಯನ್ನು ಈ ಕಡೆ ಹುಡುಕಬೇಕು. ಹನಮಪ್ಪ, ಹನಮವ್ವ, ಮಾರುತೆಪ್ಪ, ಆಂಜನೇಯ ಎಂಬ ಹೆಸರಿನವರು ಓಣಿಗೆ ಒಬ್ಬರಾದರೂ ಸಿಗುತ್ತಾರೆ. ಹೀಗಾಗಿ ಸಂಜೀವಿನಿ ಕಥೆಯನ್ನು ಇಲ್ಲಿಯವರು ದೂರದ ದೇವರ ಪವಾಡದಂತೆ ಕೇಳುವುದಿಲ್ಲ. ನಮ್ಮ ಊರಿನ ಹುಡುಗ ಮಾಡಿ ಬಂದ ಕೆಲಸವೆಂಬ ಸಲಿಗೆ ಆ ಕೇಳುವಿಕೆಯಲ್ಲಿದೆ.

ಮೂಲದಲ್ಲಿ ಏನಿದೆ

ಜನರ ನೆನಪಿನಲ್ಲಿ ಸಂಜೀವಿನಿ ತಂದದ್ದು ಒಂದೇ ಸಲ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಅದು ಎರಡು ಸಲ ನಡೆಯುತ್ತದೆ. ಎರಡೂ ಸಂದರ್ಭಗಳು ಬೇರೆ, ಹನುಮಂತ ಬೆಟ್ಟ ಕೀಳಲು ಕಾರಣವೂ ಬೇರೆ.

ಮೊದಲನೆಯದು ಇಂದ್ರಜಿತುವಿನ ಬ್ರಹ್ಮಾಸ್ತ್ರದ ನಂತರದ್ದು. ರಾಮಲಕ್ಷ್ಮಣರೂ 67 ಕೋಟಿ ವಾನರರೂ ನೆಲ ಹಿಡಿದಿದ್ದಾರೆ. ಕತ್ತಲೆಯಲ್ಲಿ ಕೊಳ್ಳಿ ಹಿಡಿದುಕೊಂಡು ವಿಭೀಷಣ, ಹನುಮಂತರಿಬ್ಬರೂ ಬದುಕಿದವರಿದ್ದಾರೆಯೇ ಎಂದು ಹುಡುಕುತ್ತ ಬರುತ್ತಾರೆ. ಮುದಿ ಜಾಂಬವಂತನಿಗೆ ಬಾಣಗಳ ನೋವಿನಲ್ಲಿ ಕಣ್ಣು ಕಾಣಿಸುತ್ತಿಲ್ಲ. ದನಿಯಿಂದಲೇ ವಿಭೀಷಣನನ್ನು ಗುರುತಿಸುತ್ತಾನೆ. ಅವನು ಕೇಳುವ ಮೊದಲ ಪ್ರಶ್ನೆ ರಾಮನ ಬಗ್ಗೆ ಅಲ್ಲ, ಸುಗ್ರೀವನ ಬಗ್ಗೆಯೂ ಅಲ್ಲ. ಹನುಮಂತ ಬದುಕಿದ್ದಾನೆಯೇ ಎಂದು ಕೇಳುತ್ತಾನೆ. ವಿಭೀಷಣನಿಗೆ ಅಚ್ಚರಿಯಾಗುತ್ತದೆ. ಹನುಮಂತನೊಬ್ಬ ಉಳಿದಿದ್ದರೆ ಸತ್ತ ಸೈನ್ಯವೂ ಬದುಕಿದ ಹಾಗೆಯೇ, ಅವನಿಲ್ಲದಿದ್ದರೆ ಬದುಕಿರುವ ನಾವೂ ಸತ್ತ ಹಾಗೆಯೇ ಎಂಬ ಅರ್ಥದಲ್ಲಿ ಜಾಂಬವಂತ ಉತ್ತರಿಸುತ್ತಾನೆ. ಇಡೀ ಪ್ರಸಂಗದಲ್ಲಿ ನನಗೆ ಅತ್ಯಂತ ತೂಕದ್ದಾಗಿ ಕಾಣುವ ಜಾಗ ಇದು. ಔಷಧಿ ಯಾವುದೆಂದು ಬಲ್ಲ ಮುದುಕನಿಗೆ ತನ್ನ ತಿಳಿವಳಿಕೆ ಒಂದೇ ಸಾಲದೆಂಬುದೂ ಗೊತ್ತಿದೆ.

ಆಮೇಲೆ ಅವನು ದಾರಿ ಹೇಳುತ್ತಾನೆ: ಹಿಮವಂತದಲ್ಲಿ ಋಷಭ ಮತ್ತು ಕೈಲಾಸ ಶಿಖರಗಳ ನಡುವೆ ಹೊಳೆಯುವ ಔಷಧಿಪರ್ವತ, ಅದರ ಮೇಲೆ ಮೃತಸಂಜೀವನಿ, ವಿಶಲ್ಯಕರಣಿ, ಸಾವರ್ಣ್ಯಕರಣಿ, ಸಂಧಾನಕರಣಿ ಎಂಬ ನಾಲ್ಕು ಮೂಲಿಕೆಗಳು. ಪ್ರಾಣ ತರುವುದು, ನೆಟ್ಟ ಬಾಣದ ಗಾಯ ಮಾಯಿಸುವುದು, ಮೈಬಣ್ಣ ಮರಳಿಸುವುದು, ಮುರಿದದ್ದನ್ನು ಕೂಡಿಸುವುದು ಇವುಗಳ ಕೆಲಸ. ಹನುಮಂತ ಹೋಗಿ ನೋಡಿದರೆ, ಯಾರೋ ಕೀಳಲು ಬಂದರೆಂದು ತಿಳಿದು ಆ ಗಿಡಗಳೇ ಮರೆಯಾಗಿಬಿಡುತ್ತವೆ. ಸಿಟ್ಟು ಬಂದು ಶಿಖರವನ್ನೇ ಕೀಳುತ್ತಾನೆ. ತಂದಿಳಿಸಿದಾಗ ಮೂಲಿಕೆಗಳ ಗಾಳಿ ಸೋಕಿದ್ದೇ ತಡ, ಎಲ್ಲರೂ ನಿದ್ದೆಯಿಂದೆದ್ದಂತೆ ಏಳುತ್ತಾರೆ. ಹಾಗಾದರೆ ಸತ್ತ ರಾಕ್ಷಸರು ಏಕೆ ಏಳಲಿಲ್ಲ? ಕೇಳುಗರು ಕೇಳಬಹುದಾದ ಈ ಪ್ರಶ್ನೆಗೆ ಕವಿಯೇ ಉತ್ತರ ಇಟ್ಟಿದ್ದಾನೆ: ಸತ್ತವರ ಲೆಕ್ಕ ಶತ್ರುವಿಗೆ ಸಿಗದಿರಲೆಂದು ರಾವಣನು ತನ್ನವರ ಹೆಣಗಳನ್ನು ಕಡಲಿಗೆ ಹಾಕಿಸುತ್ತಿದ್ದನಂತೆ. ಕೆಲಸ ಮುಗಿದ ಮೇಲೆ ಹನುಮಂತ ಬೆಟ್ಟವನ್ನು ಮತ್ತೆ ಹಿಮವಂತಕ್ಕೆ ಒಯ್ದು ಇಟ್ಟು ಬರುತ್ತಾನೆ.

ಎರಡನೆಯ ಸಲ ರಾವಣನ ಶಕ್ತ್ಯಾಯುಧಕ್ಕೆ ಲಕ್ಷ್ಮಣನೊಬ್ಬ ಬೀಳುತ್ತಾನೆ. ರಾಮ ಅಳುತ್ತಿರುವಾಗ ಸುಷೇಣ ಮುಂದೆ ಬಂದು ರೋಗಿಯನ್ನು ಪರೀಕ್ಷಿಸುತ್ತಾನೆ. ಮುಖ ಕಪ್ಪಿಟ್ಟಿಲ್ಲ, ಕಳೆ ಹೋಗಿಲ್ಲ, ಅಂಗೈ ಕೆಂಪಗಿವೆ, ಕಣ್ಣು ತಿಳಿಯಾಗಿವೆ. ಸತ್ತವರ ಲಕ್ಷಣ ಇದಲ್ಲ ಎಂದು ಧೈರ್ಯ ಹೇಳುತ್ತಾನೆ. ಪವಾಡದ ಕಥೆಯ ಮಧ್ಯದಲ್ಲಿ ನುರಿತ ವೈದ್ಯನೊಬ್ಬ ಹಾಸಿಗೆಯ ಪಕ್ಕ ಕೂತು ಮಾಡುವ ತಪಾಸಣೆ ಹೀಗೆ ಬಂದುಬಿಟ್ಟಿದೆ. ಈ ಸಲ ಹನುಮಂತನಿಗೆ ಮೂಲಿಕೆ ಯಾವುದೆಂದು ಗುರುತು ಸಿಗುವುದಿಲ್ಲ. ಹೊತ್ತು ಮೀರಿದರೆ ಕೆಟ್ಟೀತು, ತಪ್ಪು ಗಿಡ ಒಯ್ದರೂ ಕೆಟ್ಟೀತು ಎಂದು ಯೋಚಿಸಿ ಶಿಖರವನ್ನೇ ಎತ್ತಿಕೊಳ್ಳುತ್ತಾನೆ. ಸುಷೇಣ ಗಿಡವನ್ನು ಆರಿಸಿ, ಅರೆದು, ಮೂಗಿಗೆ ಹಾಕುತ್ತಾನೆ. ಆಯುರ್ವೇದದಲ್ಲಿ ಇದಕ್ಕೆ ನಸ್ಯವೆನ್ನುತ್ತಾರೆ, ಪಂಚಕರ್ಮಗಳಲ್ಲಿ ಒಂದು.

ಚಿಕಿತ್ಸೆ ಯಾರದು

ಓದುಗರ ಅಭಿಪ್ರಾಯಗಳು ಕವಲೊಡೆಯುವುದು ಇಲ್ಲಿಂದ. ಬಲ್ಲವನು ಜಾಂಬವಂತ, ಮದ್ದು ಕೊಟ್ಟವನು ಸುಷೇಣ, ಗುಣ ಇರುವುದು ಗಿಡದಲ್ಲಿ. ಹನುಮಂತ ತಂದುಕೊಟ್ಟವನು ಅಷ್ಟೆ ಎಂಬುದು ಒಂದು ನಿಲುವು. ಶಾಸ್ತ್ರದ ಕಡೆಯಿಂದ ನೋಡಿದರೆ ಇದನ್ನು ತಳ್ಳಿಹಾಕಲಾಗದು. ಆದರೂ ಜನ ಗುಡಿ ಕಟ್ಟಿದ್ದು ತಂದವನಿಗೆ. ದವಾಖಾನೆ ದೂರವಿರುವ, ರಾತ್ರಿ ಹೊತ್ತು ಗಾಡಿ ಸಿಗದ ಹಳ್ಳಿಯಲ್ಲಿ ರೋಗಿಯ ಪ್ರಾಣ ಉಳಿಯುವುದೋ ಹೋಗುವುದೋ ದಾರಿಯಲ್ಲೇ ತೀರ್ಮಾನವಾಗುತ್ತದೆಂಬುದು ಅಲ್ಲಿಯವರಿಗೆ ಚೆನ್ನಾಗಿ ಗೊತ್ತು. ಮದ್ದಿನ ಹೆಸರು ಗೊತ್ತಿದ್ದೂ ಅದು ಕೈಗೆ ಬರುವಷ್ಟರಲ್ಲಿ ಹೊತ್ತು ಮೀರಿದ ಸಂಕಟವನ್ನು ಕಂಡವರು ಹನುಮಂತನನ್ನು ಚಿಕಿತ್ಸಕನೆಂದೇ ಎಣಿಸುತ್ತಾರೆ. ಆ ಎಣಿಕೆ ಸರಿಯೆಂದೇ ಈ ಲೇಖಕನ ಅಭಿಪ್ರಾಯ. ಜಾಂಬವಂತನ ಮೊದಲ ಪ್ರಶ್ನೆಯೂ ಅದನ್ನೇ ಹೇಳುತ್ತದೆ.

ಸುಷೇಣನ ಪಾತ್ರದ ಮೇಲೂ ಭಿನ್ನ ಓದುಗಳಿವೆ. ವಾಲ್ಮೀಕಿಯಲ್ಲಿ ಅವನು ವಾನರ, ತಾರೆಯ ತಂದೆ. ತುಳಸೀದಾಸರ ರಾಮಚರಿತಮಾನಸದಲ್ಲಿ ಅವನೇ ಲಂಕೆಯ ವೈದ್ಯನಾಗಿದ್ದಾನೆ. ಹನುಮಂತ ಅವನನ್ನು ಮನೆಸಮೇತ ಎತ್ತಿ ತರುತ್ತಾನೆ. ರಮಾನಂದ ಸಾಗರ್ ಅವರ ದೂರದರ್ಶನ ಧಾರಾವಾಹಿ 1987ರಲ್ಲಿ ಆರಂಭವಾಗಿ ಮನೆಮನೆಗೆ ತಲುಪಿದ ಮೇಲೆ ಕನ್ನಡದ ನೋಡುಗರಲ್ಲೂ ಈ ಎರಡನೆಯ ಸುಷೇಣನೇ ಹೆಚ್ಚು ಪರಿಚಿತನಾದ. ಶತ್ರುವಿನ ವೈದ್ಯ ಶತ್ರುವಿನ ರೋಗಿಗೆ ಮದ್ದು ಕೊಡಬಹುದೇ ಎಂಬ ಧರ್ಮಪ್ರಶ್ನೆ ಅದರೊಂದಿಗೆ ಬಂತು. ಕೊಡಲೇಬೇಕು ಎನ್ನುವುದೇ ಆ ಪಾತ್ರ ಕೊಡುವ ಉತ್ತರ. ವಾಲ್ಮೀಕಿಯಲ್ಲಿಲ್ಲದ ಈ ತಿರುವು ಕಥೆಯನ್ನು ಬೆಳೆಸಿದೆ ಎಂದು ಒಪ್ಪಿಕೊಳ್ಳಬೇಕು.

ಕಥೆಗೆ ಕಟುವಾದ ವಿಮರ್ಶೆ ಬಂದಿರುವುದು ಬೆಟ್ಟ ಕಳೆದುಕೊಂಡ ಕಡೆಯಿಂದ. ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ ದ್ರೋಣಗಿರಿ ಎಂಬ ಹಳ್ಳಿಯಿದೆ. ತಾವು ಪೂಜಿಸುವ ಪರ್ವತವನ್ನು ಒಡೆದು ಒಯ್ದವನೆಂದು ಅಲ್ಲಿಯವರು ಹನುಮಂತನನ್ನು ಪೂಜಿಸುವುದಿಲ್ಲ. ಅಂಜನಾದ್ರಿಯ ಮೆಟ್ಟಿಲಲ್ಲಿ ನಿಂತು ಇದನ್ನು ಕೇಳಿದವರಿಗೆ ಕಸಿವಿಸಿಯಾದೀತು. ಆದರೂ ಇದು ಗೌರವದಿಂದ ಕೇಳಬೇಕಾದ ದೂರು. ಒಬ್ಬರ ಮನೆಯ ರೋಗಿ ಬದುಕಿದ್ದು ಇನ್ನೊಬ್ಬರ ಬೆಟ್ಟದಿಂದ. ವಾಲ್ಮೀಕಿ ಮೊದಲ ಸಲದ ಕೊನೆಗೆ ಬೆಟ್ಟವನ್ನು ಹಿಂದಕ್ಕೆ ಕಳಿಸಿದ್ದು ಸುಮ್ಮನೆ ಅಲ್ಲ. ಅಶೋಕನ ಎರಡನೆಯ ಪ್ರಧಾನ ಶಿಲಾಶಾಸನ ಇನ್ನೊಂದು ದಾರಿ ಹೇಳುತ್ತದೆ: ಮನುಷ್ಯರಿಗೂ ದನಕರುಗಳಿಗೂ ಬೇಕಾದ ಮೂಲಿಕೆಗಳು ಎಲ್ಲಿ ಇಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದಾಗಿ ಅರಸ ಹೇಳಿಕೊಂಡಿದ್ದಾನೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಇರುವುದು ಅದೇ ಅಶೋಕನ ಕಿರು ಶಾಸನಗಳು. ಅವುಗಳಲ್ಲಿ ಈ ಮಾತಿಲ್ಲ.

ಮೂಲಿಕೆ ಯಾವುದೆಂದು ಹುಡುಕುವ ಓದುಗರ ಗುಂಪು ಬೇರೆ. ಉತ್ತರಾಖಂಡ ಸರ್ಕಾರ 2016ರಲ್ಲಿ ಈ ಹುಡುಕಾಟಕ್ಕೆಂದು 25 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಅದಕ್ಕಿಂತ ಮೊದಲೇ, 2009ರಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆ. ಎನ್. ಗಣೇಶಯ್ಯ, ಆರ್. ಉಮಾಶಂಕರ್ ಮತ್ತು ಶಿರಸಿಯ ಅರಣ್ಯ ಕಾಲೇಜಿನ ಆರ್. ವಾಸುದೇವ ಅವರು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನ ಹೆಚ್ಚು ಶಿಸ್ತಿನದು. ಭಾರತದ ಭಾಷೆಗಳಲ್ಲಿ ಸಂಜೀವಿನಿಗೆ ಹತ್ತಿರದ ಹೆಸರುಳ್ಳ ಗಿಡಗಳನ್ನೆಲ್ಲ ಕಲೆಹಾಕಿ, ಕಥೆಯ ವಿವರಗಳೊಂದಿಗೆ ತಾಳೆ ನೋಡಿ, ಒಂದೊಂದನ್ನೇ ಬಿಡುತ್ತ ಬಂದು ಅವರು ಕಡೆಗೆ ಕೆಲವೇ ಗಿಡಗಳನ್ನು ಉಳಿಸಿಕೊಂಡರು. ಅವುಗಳಲ್ಲಿ ಸೆಲಾಜಿನೆಲ್ಲಾ ಬ್ರಯಾಪ್ಟೆರಿಸ್ ಎಂಬುದು ಬಂಡೆಯ ಮೇಲೆ ಬೆಳೆಯುವ ಸಣ್ಣ ಗಿಡ. ನೀರಿಲ್ಲದಾಗ ಮುದುಡಿ ಒಣಗಿ ಸತ್ತಂತೆ ಬಿದ್ದಿರುತ್ತದೆ, ನೀರು ತಾಗಿದರೆ ಕೆಲವು ಗಂಟೆಗಳಲ್ಲಿ ಬಿಚ್ಚಿಕೊಂಡು ಹಸಿರಾಗುತ್ತದೆ. ಗಿಡ ತಾನೇ ಮತ್ತೆ ಏಳುತ್ತದೆ ಎಂಬುದರಿಂದ ಅದು ಸತ್ತ ಮನುಷ್ಯನನ್ನು ಎಬ್ಬಿಸುತ್ತದೆ ಎಂದಾಗದು. ಈ ಎರಡನ್ನು ಕಲೆಸಿ ಮಾರುವವರಿಂದ ಓದುಗರು ಎಚ್ಚರವಾಗಿರಬೇಕು.

ಕೊಪಣದ ಓದು

ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣನಗರ ಒಂದು. ಅದೇ ಇಂದಿನ ಕೊಪ್ಪಳ. ಶಾಸನಗಳು ಕೊಪಣವನ್ನು ಜೈನರ ಮಹಾತೀರ್ಥವೆಂದು ಕೊಂಡಾಡುತ್ತವೆ. ಜೈನ ರಾಮಾಯಣಗಳಲ್ಲಿ ಸಂಜೀವಿನಿಯ ಬೆಟ್ಟವೇ ಇಲ್ಲ.

ಪ್ರಾಕೃತದಲ್ಲಿ ವಿಮಲಸೂರಿ ಬರೆದ ಪಉಮಚರಿಯ ಈ ಪರಂಪರೆಯ ಮೊದಲ ಕಾವ್ಯ. ಅಭಿನವ ಪಂಪನೆಂದು ಹೆಸರಾದ ನಾಗಚಂದ್ರನ ರಾಮಚಂದ್ರಚರಿತಪುರಾಣ ಕನ್ನಡದಲ್ಲಿ ಅದೇ ಪರಂಪರೆಯನ್ನು ಹಿಡಿದದ್ದು. ಇಲ್ಲಿ ವಾನರರು ಕೋತಿಗಳಲ್ಲ. ಬಾವುಟದ ಮೇಲೆ ಕಪಿಯ ಗುರುತುಳ್ಳ ವಿದ್ಯಾಧರ ಮನುಷ್ಯರು. ವಿಮಲಸೂರಿಯ ಕಥೆಯಲ್ಲಿ ರಾವಣನ ಶಕ್ತಿಗೆ ಲಕ್ಷ್ಮಣ ಬಿದ್ದಾಗ, ಅಯೋಧ್ಯೆಯ ಕಡೆ ವಿಶಲ್ಯೆ ಎಂಬ ರಾಜಕುಮಾರಿಯಿದ್ದಾಳೆಂದೂ ಅವಳು ಮಿಂದ ನೀರಿನಿಂದ ಅಲ್ಲಿಯ ಜನರ ರೋಗವೇ ವಾಸಿಯಾಯಿತೆಂದೂ ಒಬ್ಬ ವಿದ್ಯಾಧರ ಬಂದು ತಿಳಿಸುತ್ತಾನೆ. ಹಿಂದಿನ ಜನ್ಮದ ಕಠಿಣ ತಪಸ್ಸಿನಿಂದ ಅವಳಿಗೆ ಬಂದ ಗುಣವದು. ಹನುಮಂತ, ಭಾಮಂಡಲ, ಅಂಗದರು ಆಕಾಶಮಾರ್ಗದಲ್ಲಿ ಹೋಗಿ ಅವಳನ್ನು ಕರೆತರುತ್ತಾರೆ. ಅವಳು ಹತ್ತಿರ ಬರುತ್ತಿದ್ದಂತೆ ಲಕ್ಷ್ಮಣನ ಎದೆಯಲ್ಲಿ ನೆಟ್ಟ ಶಕ್ತಿ ಹೊರಬಿದ್ದು ಹೋಗುತ್ತದೆ. ಮುಂದೆ ಅವಳು ಲಕ್ಷ್ಮಣನನ್ನೇ ವರಿಸುತ್ತಾಳೆ.

ಈ ಓದಿನಲ್ಲಿ ಚಿಕಿತ್ಸಕಿ ಒಬ್ಬ ಹುಡುಗಿ. ಅವಳಿಗೆ ಮೂಲಿಕೆಯ ಜ್ಞಾನವಿಲ್ಲ, ಬಲವಿಲ್ಲ, ಮಂತ್ರವೂ ಬೇಕಿಲ್ಲ. ಅವಳು ಬಂದರೆ ಸಾಕು. ಬೆಟ್ಟವೊಂದು ಗಾಳಿಯಲ್ಲಿ ತೇಲಿ ಬರುವುದನ್ನು ನಂಬಲೊಲ್ಲದ ಜೈನ ಕವಿಗಳು ಕಥೆಯನ್ನು ಮನುಷ್ಯರ ಅಳತೆಗೆ ತರಲು ಹೊರಟವರು. ಚಿಕಿತ್ಸೆಯ ವಿಷಯಕ್ಕೆ ಬಂದಾಗ ಅವರೂ ಅದ್ಭುತವನ್ನು ಬಿಡಲಿಲ್ಲ, ಅದನ್ನು ತಪಸ್ಸಿನ ಫಲವಾಗಿ ತಿರುಗಿಸಿದರು. ಹೊತ್ತು ತರುವ ಕೆಲಸ ಮಾತ್ರ ಇಲ್ಲಿಯೂ ಹನುಮಂತನ ಪಾಲಿಗೇ ಬಂದಿದೆ. ಗಂಗಾವತಿಯ ಕಡೆಯ ಕಥೆಗೂ ಕೊಪ್ಪಳದ ಕಡೆಯ ಕಥೆಗೂ ಸಮಾನವಾದ ಅಂಶ ಅದೊಂದೇ.

ತೊಗಲಿನ ಮೇಲಿನ ಕಥೆ

ಅಕ್ಷರ ಬಾರದವರು ಈ ಪ್ರಸಂಗವನ್ನು ಓದಿದ್ದು ಪರದೆಯ ಮೇಲೆ. ಕೊಪ್ಪಳ ತಾಲ್ಲೂಕಿನ ಮೋರನಾಳ ತೊಗಲುಗೊಂಬೆಯಾಟದ ಊರು. ಅಲ್ಲಿಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ರಾಮಾಯಣ, ಮಹಾಭಾರತದ ಕಥೆಗಳನ್ನು ಆಡಿಸುತ್ತ ಅವರು ವಿದೇಶಗಳಲ್ಲೂ ಪ್ರದರ್ಶನ ಕೊಟ್ಟು ಬಂದವರು.

ಗೊಂಬೆ ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಡಿನ (ಹಿಂದೆ ಜಿಂಕೆಯದೂ ಇತ್ತು) ತೊಗಲನ್ನು ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆಯುತ್ತಾರೆ. ರೇಖೆ ಬರೆದು ಬಣ್ಣ ತುಂಬುತ್ತಾರೆ. ಆಭರಣ, ಬಟ್ಟೆಯ ಅಂಚು ಇರುವಲ್ಲಿ ಸಣ್ಣ ಸಣ್ಣ ತೂತು ಹೊಡೆಯುತ್ತಾರೆ. ದೀಪ ಹಚ್ಚಿದಾಗ ಆ ತೂತುಗಳೇ ಹೊಳೆಯುವ ಹರಳುಗಳಾಗುತ್ತವೆ. ಪಾತ್ರದ ಅಂತಸ್ತಿನ ಮೇಲೆ ಗೊಂಬೆಯ ಅಳತೆ. ದೇವರು, ಅರಸರು ದೊಡ್ಡವರು, ಸೇವಕರು ಚಿಕ್ಕವರು. ಒಂದೇ ಪಾತ್ರಕ್ಕೆ ಸಂದರ್ಭ ನೋಡಿ ಬೇರೆ ಬೇರೆ ಗೊಂಬೆಗಳಿರುವುದೂ ಉಂಟು, ಹಲವು ಪಾತ್ರಗಳ ಇಡೀ ದೃಶ್ಯವನ್ನು ಒಂದೇ ತೊಗಲಿನಲ್ಲಿ ಕೊರೆಯುವುದೂ ಉಂಟು. ಮನೆಯಲ್ಲಿ ಮರಾಠಿಯನ್ನು ಹೋಲುವ ಮಾತಾಡುವ, ಗೊಂಬೆಯಾಡಿಸುವ ಶಿಳ್ಳೇಕ್ಯಾತ ಸಮುದಾಯದವರು ಪರದೆಯ ಹಿಂದೆ ಕೂತರೆ ಅಚ್ಚ ಉತ್ತರ ಕರ್ನಾಟಕದ ಕನ್ನಡದಲ್ಲಿ ಇಡೀ ರಾತ್ರಿ ಕಥೆ ನಡೆಸುತ್ತಾರೆ. ಮಧ್ಯೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ಬಂದು ನಗಿಸುತ್ತವೆ. ಕರ್ನಾಟಕದ ಹಳ್ಳಿಗಳಲ್ಲಿ ಮಳೆ ಕೈಕೊಟ್ಟಾಗ, ಊರಿಗೋ ದನಗಳಿಗೋ ರೋಗ ಬಂದಾಗ ಗೊಂಬೆಯಾಟ ಆಡಿಸುವ ಹರಕೆಯ ವಾಡಿಕೆ ಇತ್ತು. ಚಿಕಿತ್ಸೆಯ ಕಥೆಯನ್ನು ಹೇಳುವ ಆಟವನ್ನೇ ಜನ ಚಿಕಿತ್ಸೆಯಾಗಿ ಬಳಸಿದ್ದಾರೆ.

ತೊಗಲಿನಂತೆ ಮರದ ಕಸುಬೂ ಈ ಸೀಮೆಯಲ್ಲಿದೆ: ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಮರದಿಂದ ದೇವರ ಮೂರ್ತಿ, ಪ್ರಾಣಿ, ಪಕ್ಷಿಗಳನ್ನು ಮಾಡುತ್ತ ಬಂದಿವೆ. ಹುಣಸೆಬೀಜದ ಅಂಟು, ಸೆಣಬಿನ ನಾರು, ಮರದ ಹೊಟ್ಟುಗಳ ಲೇಪ ಹಚ್ಚಿ ಮೇಲೆ ಬಣ್ಣ ಕೊಡುವ ಈ ಕಸುಬಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ.

ಅಚ್ಚಿನ ಚಿತ್ರಕಥೆ ಮತ್ತು ಜಪಾನು

ಮಕ್ಕಳ ಕೈಗೆ ಕಥೆ ಪುಸ್ತಕವಾಗಿ ಬಂದದ್ದು ಈಚೆಗೆ. ಚಂದಮಾಮ ಕನ್ನಡದಲ್ಲಿ 1949ರಿಂದ ಹೊರಬರತೊಡಗಿತು. ಅಮರ ಚಿತ್ರ ಕಥೆಯ ಬಗ್ಗೆ ಕನ್ನಡಿಗರು ನೆನಪಿಡಬೇಕಾದ ಸಂಗತಿಯೊಂದಿದೆ: ಆ ಹೆಸರಿನ ಮೊದಲ ಹತ್ತು ಪುಸ್ತಕಗಳು 1960ರ ದಶಕದ ಮಧ್ಯದಲ್ಲಿ ಬೆಂಗಳೂರಿನಲ್ಲಿ ಜಿ. ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಬಂದದ್ದು ಕನ್ನಡದಲ್ಲಿ. ಅವು ಪಾಶ್ಚಾತ್ಯ ಕಾಲ್ಪನಿಕ ಕಥೆಗಳಾಗಿದ್ದವು. ಪುರಾಣದ ಮಾಲಿಕೆ ಅನಂತ ಪೈ ಅವರ ಸಂಪಾದಕತ್ವದಲ್ಲಿ ಆಮೇಲೆ ಬೆಳೆದು, ಅದರಲ್ಲಿ ಹನುಮಂತನ ಕಥೆಯೂ ಸೇರಿತು. ಅಂಗೈಯಲ್ಲಿ ಬೆಟ್ಟ, ಇನ್ನೊಂದು ಕೈಯಲ್ಲಿ ಗದೆ ಹಿಡಿದು ಹಾರುವ ಆಕೃತಿ ಕ್ಯಾಲೆಂಡರು, ಲಾರಿಯ ಹಲಗೆ, ಗರಡಿಮನೆಯ ಗೋಡೆಗಳಿಂದ ಜನಕ್ಕೆ ಚಿರಪರಿಚಿತ.

ಹನುಮಂತನಂಥ ವಿಲಕ್ಷಣ ಚಿಕಿತ್ಸಕನ ಪಾತ್ರಕ್ಕೆ ಜಪಾನಿನ ಚಿತ್ರಕಥೆಗಳಾದ ಮಾಂಗಾಗಳಲ್ಲೂ ಒಳ್ಳೆಯ ಪರಂಪರೆಯಿದೆ. ವೈದ್ಯಶಾಸ್ತ್ರ ಓದಿದ್ದ ಒಸಾಮು ತೆಜುಕಾ 1973ರಿಂದ ಬರೆದ ಬ್ಲ್ಯಾಕ್ ಜ್ಯಾಕ್‌ನ ನಾಯಕ ಪರವಾನಗಿಯಿಲ್ಲದ ಶಸ್ತ್ರವೈದ್ಯ. ಕುರೊಕಾತಾ ಅವರ ಕಾದಂಬರಿಯಿಂದ ಮಾಂಗಾ ಆಗಿ, 2024ರಲ್ಲಿ ಅನಿಮೆಯಾಗಿ ಬಂದ ‘ಚಿಯು ಮಹೋ ನೋ ಮಾಚಿಗತ್ತಾ ತ್ಸುಕಾಯ್‌ಕತಾ’ ನಮ್ಮ ಪ್ರಸಂಗಕ್ಕೆ ಇನ್ನೂ ಹತ್ತಿರ. ಬೇರೆ ಲೋಕಕ್ಕೆ ಸೆಳೆಯಲ್ಪಟ್ಟ ಉಸಾತೊ ಎಂಬ ಶಾಲಾ ಹುಡುಗನಿಗೆ ವಾಸಿಮಾಡುವ ಮಂತ್ರವಿದ್ಯೆ ಸಿಗುತ್ತದೆ. ರೋಸ್ ಎಂಬ ಕಠಿಣ ಮುಖ್ಯಸ್ಥೆ ಅವನನ್ನು ಕೂರಿಸಿ ಮಂತ್ರ ಕಲಿಸುವುದಿಲ್ಲ; ಓಡಿಸುತ್ತಾಳೆ, ಭಾರ ಹೊರಿಸುತ್ತಾಳೆ, ದಣಿದ ಮೈಯನ್ನು ತನ್ನದೇ ವಿದ್ಯೆಯಿಂದ ಸರಿಮಾಡಿಕೊಂಡು ಮತ್ತೆ ಓಡೆನ್ನುತ್ತಾಳೆ. ಯುದ್ಧದ ನಡುವೆ ನುಗ್ಗಿ ಗಾಯಾಳುಗಳನ್ನು ಹೊತ್ತು ತರುವುದು ಅವರ ತಂಡದ ಕೆಲಸ. ಹಿಂದಿನ ಸಾಲಿನಲ್ಲಿ ನಿಂತು ಕೈ ನೀಡುವ ಮೆದು ಚಿಕಿತ್ಸಕರ ಚಿತ್ರವನ್ನು ಮುರಿದದ್ದೇ ಈ ಮಾಲಿಕೆಯ ಸೊಗಸು. ಅಗಸಿಯ ಹನಮಪ್ಪನನ್ನು ಬಲ್ಲ ಓದುಗನಿಗೆ ಆ ಕಲ್ಪನೆ ಹೊಸದೆನಿಸದು.

ಜಪಾನಿನವರು ನಮ್ಮ ಕಥೆಯನ್ನೇ ಬರೆದದ್ದೂ ಉಂಟು. ಯುಗೊ ಸಾಕೊ ಅವರ ಕನಸಾಗಿದ್ದ, ರಾಮ್ ಮೋಹನ್ ಕೂಡ ನಿರ್ದೇಶಕರಾಗಿ ಕೈಜೋಡಿಸಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಅನಿಮೇಷನ್ ಚಿತ್ರ 1990ರ ದಶಕದ ಆರಂಭದಲ್ಲಿ ತಯಾರಾಯಿತು. ಅದರಲ್ಲಿ ಹನುಮಂತ ಬೆಟ್ಟ ತರುವ ದೃಶ್ಯವಿದೆ. ಭಾರತದ ಚಿತ್ರಮಂದಿರಗಳಲ್ಲಿ ಅದು ವ್ಯಾಪಕವಾಗಿ ತೆರೆಕಂಡದ್ದು 2025ರ ಜನವರಿಯಲ್ಲಿ.

ಇಷ್ಟೆಲ್ಲದರ ನಡುವೆ ಒಂದು ಕೊರತೆ ಎದ್ದು ಕಾಣುತ್ತದೆ. ಹನುಮಂತನ ಬೆಟ್ಟ ಕಲ್ಲು, ತೊಗಲು, ಮರ, ಕಾಗದ, ಪರದೆಗಳಲ್ಲೆಲ್ಲ ಬಂದಿದೆ. ವಿಶಲ್ಯೆಯ ಕಥೆ ಪಂಡಿತರ ಪುಸ್ತಕಗಳಾಚೆಗೆ ಬಂದಿಲ್ಲ. ಕೊಪಣ ತೀರ್ಥದ ನೆಲದಲ್ಲೇ ಓದುವ ಮಕ್ಕಳಿಗೂ ಅವಳ ಹೆಸರು ಗೊತ್ತಿಲ್ಲ. ಗೊಂಬೆ ಕೊರೆಯುವವರು ಮೋರನಾಳದಲ್ಲಿದ್ದಾರೆ, ಬಣ್ಣ ಹಚ್ಚುವವರು ಕಿನ್ನಾಳದಲ್ಲಿದ್ದಾರೆ, ಚಿತ್ರಕಥೆ ಬರೆಯಬಲ್ಲ ಹುಡುಗ ಹುಡುಗಿಯರು ನಾಲ್ಕೂ ತಾಲ್ಲೂಕುಗಳ ಶಾಲೆ, ಕಾಲೇಜುಗಳಲ್ಲಿದ್ದಾರೆ. ಎರಡೂ ಕಥೆಗಳನ್ನು ಅಕ್ಕಪಕ್ಕ ಇಟ್ಟು ಕನ್ನಡದಲ್ಲಿ ಒಂದು ಒಳ್ಳೆಯ ಚಿತ್ರಪುಸ್ತಕವನ್ನು ಈ ಜಿಲ್ಲೆಯವರೇ ತರಬೇಕು.